ಸ್ಕೂಟರ್ ಎಂಜಿನ್ನಿನ ಪರ್ಯಾಯ ಚಾಲನಾ ವಿಧಾನಗಳು

ಸ್ಕೂಟರಿನಲ್ಲಿ ನಿತ್ಯವೂ ಬಳಸುವ ಸ್ಟಾರ್ಟರ್ ಕೆಲಸ ಮಾಡದೆ ಹೋದಾಗ ಎಂಜಿನ್ನನ್ನು ಬೇರೊಂದು ರೀತಿಯಲ್ಲಿ ಚಾಲೂ ಮಾಡುವ ಕ್ರಮಗಳನ್ನು ಪರ್ಯಾಯ ಚಾಲನಾ ವಿಧಾನಗಳು ಎನ್ನಬಹುದು. ಗುಂಡಿ ಒತ್ತುವ ವಿದ್ಯುತ್ ಸ್ಟಾರ್ಟರಿಗೆ (ಆಡುಮಾತಿನಲ್ಲಿ ‘ಸೆಲ್ಫ್’) ಬದಲಾಗಿ ಕಿಕ್ ಹೊಡೆಯುವುದು, ಗೇರುಳ್ಳ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡುವುದು, ಇನ್ನೊಂದು ವಾಹನದ ಬ್ಯಾಟರಿಯಿಂದ ವಿದ್ಯುತ್ತನ್ನು ಎರವಲು ಪಡೆಯುವುದು ಇವುಗಳಲ್ಲಿ ಮುಖ್ಯವಾದವು. ಯಾವ ವಿಧಾನ ಯಾವ ಸ್ಕೂಟರಿಗೆ ಒಪ್ಪುತ್ತದೆ ಎಂಬುದು ಆ ಸ್ಕೂಟರಿನ ರಚನೆಯನ್ನು ಅವಲಂಬಿಸಿದೆ. ಬಜಾಜ್ ಚೇತಕ್‌ನಂತಹ ಹಳೆಯ ಗೇರು ಸ್ಕೂಟರನ್ನು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಬಹುದು. ಇಂದಿನ ಗೇರುರಹಿತ ಸ್ಕೂಟರನ್ನು ಎಷ್ಟು ದೂರ ತಳ್ಳಿದರೂ ಅದು ಸ್ಟಾರ್ಟ್ ಆಗುವುದಿಲ್ಲ.

ಎಂಜಿನ್ ಚಾಲೂ ಆಗಲು ಬೇಕಾದುದು

ಪೆಟ್ರೋಲ್ ಎಂಜಿನ್ ತಾನಾಗಿಯೇ ತಿರುಗಲು ತೊಡಗುವುದಿಲ್ಲ. ಮೊದಲ ಕೆಲವು ಸುತ್ತುಗಳನ್ನು ಹೊರಗಿನ ಯಾವುದಾದರೂ ಬಲ ತಿರುಗಿಸಬೇಕು. ಆಗ ಪಿಸ್ಟನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಎಳೆದುಕೊಂಡು ಒತ್ತುತ್ತದೆ, ತಕ್ಕ ಕ್ಷಣದಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಮಿಶ್ರಣ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಂಜಿನ್ ತನ್ನ ಬಲದಿಂದಲೇ ಓಡುತ್ತದೆ.

ಆದುದರಿಂದ ಸ್ಟಾರ್ಟರ್ ಕೈಕೊಟ್ಟಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಕ್ರ್ಯಾಂಕ್ ದಂಡವನ್ನು ತಿರುಗಿಸಲು ಬೇರೆ ದಾರಿ ಇದೆಯೇ? ಕಿಡಿಗೂ ಇಂಧನ ಪೂರೈಕೆಗೂ ಬೇಕಾದ ವಿದ್ಯುತ್ತು ಎಲ್ಲಿಂದ ಬರುತ್ತದೆ? ಎರಡನೆಯ ಪ್ರಶ್ನೆಯನ್ನು ಬಹುಮಂದಿ ಕೇಳಿಕೊಳ್ಳುವುದೇ ಇಲ್ಲ. ಬ್ಯಾಟರಿ ಸತ್ತ ಸ್ಕೂಟರಿಗೆ ಬೆವರು ಸುರಿಯುವವರೆಗೆ ಕಿಕ್ ಹೊಡೆಯುವುದು ಅದರಿಂದಲೇ. ಹಳೆಯ ಸ್ಕೂಟರುಗಳಲ್ಲಿ ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿನ ಮ್ಯಾಗ್ನೆಟೋ ಕಿಡಿಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು, ಪೆಟ್ರೋಲು ಗುರುತ್ವದಿಂದ ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಬ್ಯಾಟರಿಯ ನೆರವಿಲ್ಲದೆಯೇ ಎಂಜಿನ್ ಓಡುತ್ತಿತ್ತು. ಈಗಿನ ಸ್ಕೂಟರಿನಲ್ಲಿ ಇಂಧನದ ಪಂಪು, ಇಂಜೆಕ್ಟರ್ ಮತ್ತು ನಿಯಂತ್ರಣ ಘಟಕ ಮೂರಕ್ಕೂ ವಿದ್ಯುತ್ತು ಬೇಕು.

ಹಿನ್ನೆಲೆ

ಮೋಟಾರು ವಾಹನಗಳ ಆರಂಭಕಾಲದಲ್ಲಿ ಕಾರುಗಳನ್ನು ಮುಂಭಾಗದ ಹಿಡಿಕೆ ತಿರುಗಿಸಿ ಚಾಲೂ ಮಾಡಲಾಗುತ್ತಿತ್ತು. ಹಿಡಿಕೆ ಹಿಂದಕ್ಕೆ ಹೊಡೆದು ಕೈ ಮುರಿಯುವುದು ಅಪರೂಪವೇನೂ ಆಗಿರಲಿಲ್ಲ. ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ದ್ವಿಚಕ್ರ ವಾಹನಗಳಿಗೆ ಈ ಸೌಕರ್ಯ ತಲುಪಲು ಬಹುಕಾಲ ಹಿಡಿಯಿತು. ಆವರೆಗೆ ಅವು ಕಾಲಿನ ಬಲವನ್ನೇ ನೆಚ್ಚಿದ್ದವು.

ಎರಡನೆಯ ಮಹಾಯುದ್ಧದ ಬಳಿಕ ಇಟಲಿಯಲ್ಲಿ ೧೯೪೬ರಲ್ಲಿ ಪಿಯಾಜಿಯೊ ಸಂಸ್ಥೆಯ ವೆಸ್ಪಾ, ೧೯೪೭ರಲ್ಲಿ ಇನ್ನೊಚೆಂಟಿ ಸಂಸ್ಥೆಯ ಲ್ಯಾಂಬ್ರೆಟಾ ಹೊರಬಂದವು. ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ್ದು ಈ ಎರಡು ವಂಶಗಳ ಸ್ಕೂಟರುಗಳೇ. ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ಮುಂದೆ ಲಖನೌದ ಸ್ಕೂಟರ್ಸ್ ಇಂಡಿಯಾ ಲ್ಯಾಂಬ್ರೆಟಾ ವಂಶದ ಸ್ಕೂಟರುಗಳನ್ನು ತಯಾರಿಸಿದವು. ಬಜಾಜ್ ಆಟೊ ವೆಸ್ಪಾ ಮಾದರಿಯನ್ನು ಅನುಸರಿಸಿ ೧೯೭೨ರಲ್ಲಿ ಚೇತಕ್ ಅನ್ನು ಮಾರುಕಟ್ಟೆಗೆ ತಂದಿತು. ಬಹುಪಾಲು ಇವೆಲ್ಲವೂ ಎರಡು ಸ್ಟ್ರೋಕಿನ ಎಂಜಿನ್, ಎಡಗೈಯಿಂದ ತಿರುಗಿಸುವ ಗೇರು ಮತ್ತು ಬಲಬದಿಯ ಕಿಕ್ ಉಳ್ಳವು.

೧೯೮೦ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ ಗೇರಿಲ್ಲದ, ಗುಂಡಿ ಒತ್ತಿದರೆ ಹೊರಡುವ ಸ್ಕೂಟರನ್ನು ಭಾರತದಲ್ಲಿ ಬಳಕೆಗೆ ತಂದಿತು. ಸೀರೆ ಉಟ್ಟವರು, ಮೊಣಕಾಲು ನೋವಿನವರು, ವಯಸ್ಸಾದವರು ಇನ್ನೊಬ್ಬರ ನೆರವಿಲ್ಲದೆ ಸ್ಕೂಟರ್ ಹತ್ತಲು ಸಾಧ್ಯವಾದುದರಲ್ಲಿ ಈ ಚಿಕ್ಕ ಗುಂಡಿಯ ಪಾತ್ರ ದೊಡ್ಡದು. ೨೦೦೧ರಲ್ಲಿ ಬಂದ ಹೋಂಡಾ ಆಕ್ಟಿವಾ ಈ ಬಗೆಯನ್ನು ಮನೆಮನೆಗೆ ಮುಟ್ಟಿಸಿತು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ಮಾಲಿನ್ಯ ನಿಯಮ ಜಾರಿಗೆ ಬಂದಾಗ ಕಾರ್ಬ್ಯುರೇಟರ್ ಬಹುತೇಕ ಮರೆಯಾಗಿ ಇಂಧನ ಇಂಜೆಕ್ಷನ್ ವ್ಯವಸ್ಥೆ ನೆಲೆಗೊಂಡಿತು. ಕೆಲವು ಮಾದರಿಗಳಲ್ಲಿ ಕಿಕ್ ಕೂಡ ಇಲ್ಲವಾಗಿದೆ. ಚೇತಕ್ ಎಂಬ ಹೆಸರು ಅದೇ ವರ್ಷದ ಜನವರಿಯಲ್ಲಿ ಪುಣೆ ಮತ್ತು ಬೆಂಗಳೂರುಗಳಲ್ಲಿ ಬ್ಯಾಟರಿ ಚಾಲಿತ ಸ್ಕೂಟರಿನ ಮೇಲೆ ಮರಳಿ ಬಂದಿತು. ಅಂತಹ ವಾಹನಕ್ಕೆ ಈ ಲೇಖನದ ವಿಷಯ ಅನ್ವಯಿಸುವುದಿಲ್ಲ.

ದೋಷವನ್ನು ಗುರುತಿಸುವುದು

ಗುಂಡಿ ಒತ್ತಿದಾಗ ಕೇಳಿಬರುವ ಸದ್ದು ದೋಷ ಎಲ್ಲಿದೆ ಎಂಬುದರ ಮೊದಲ ಸುಳಿವು.

ಯಾವ ಸದ್ದೂ ಬರದಿದ್ದರೆ ಮೊದಲು ಸರಳ ಸಂಗತಿಗಳನ್ನು ನೋಡಬೇಕು. ಗೇರುರಹಿತ ಸ್ಕೂಟರುಗಳಲ್ಲಿ ಬ್ರೇಕ್ ಹಿಡಿದಿದ್ದರೆ ಮಾತ್ರ ಸೆಲ್ಫ್ ಕೆಲಸ ಮಾಡುತ್ತದೆ. ಗುಂಡಿ ಒತ್ತಿದೊಡನೆ ವಾಹನ ಮುಂದಕ್ಕೆ ನುಗ್ಗದಿರಲೆಂದು ಮಾಡಿರುವ ಏರ್ಪಾಡು ಇದು. ಬ್ರೇಕ್ ಹಿಡಿಕೆಯೊಳಗಿನ ಪುಟ್ಟ ಸ್ವಿಚ್ಚು ಕೆಟ್ಟಿದ್ದರೆ ಬ್ರೇಕ್ ಹಿಡಿದರೂ ಫಲವಿಲ್ಲ; ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪ ಹೆಚ್ಚು ಪ್ರಕಾಶಿಸುತ್ತದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ಎರಡೂ ಬ್ರೇಕುಗಳಿಗೆ ಬೇರೆ ಬೇರೆ ಸ್ವಿಚ್ಚುಗಳಿರುವ ಮಾದರಿಗಳಲ್ಲಿ ಇನ್ನೊಂದು ಬ್ರೇಕ್ ಹಿಡಿದು ನೋಡಬಹುದು. ಇತ್ತೀಚಿನ ಅನೇಕ ಮಾದರಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಫ್ಯೂಸ್ ಸುಟ್ಟಿರಬಹುದು, ಫ್ಯೂಸ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬದಲಿ ಫ್ಯೂಸ್ ಒಂದನ್ನು ಇಟ್ಟಿರುತ್ತಾರೆ.

‘ಟಿಕ್ ಟಿಕ್’ ಎಂಬ ಸದ್ದು ಮಾತ್ರ ಬಂದು ಮೀಟರಿನ ದೀಪಗಳು ಮಂಕಾದರೆ ಬ್ಯಾಟರಿ ಬಡವಾಗಿದೆ ಎಂದರ್ಥ. ಆ ಸದ್ದು ರಿಲೇಯದು. ಅದು ಬಡಿದುಕೊಳ್ಳಲು ಅಲ್ಪ ವಿದ್ಯುತ್ತು ಸಾಕು, ಮೋಟರು ತಿರುಗಲು ಹತ್ತಾರು ಆಂಪಿಯರ್ ಬೇಕು. ಪೂರ್ತಿ ಚಾರ್ಜ್ ಆದ, ಕೆಲಸವಿಲ್ಲದೆ ಕುಳಿತ ೧೨ ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು ೧೨.೬ ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. ೧೨ಕ್ಕಿಂತ ಕೆಳಗಿಳಿದಿದ್ದರೆ ಅದರಿಂದ ಮೋಟರು ತಿರುಗಿಸುವ ಆಸೆ ಇಟ್ಟುಕೊಳ್ಳುವಂತಿಲ್ಲ. ಬ್ಯಾಟರಿಯ ತಂತಿಗಳ ತುದಿ ಸಡಿಲಾಗಿದ್ದರೂ, ಬಿಳಿಯ ಪುಡಿ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಮೋಟರು ಗಿರ್ರೆಂದು ತಿರುಗಿದರೂ ಎಂಜಿನ್ ತಿರುಗದಿದ್ದರೆ ಎರಡನ್ನೂ ಜೋಡಿಸುವ ಏಕಮುಖ ಕ್ಲಚ್ಚು ಸವೆದು ಜಾರುತ್ತಿರಬಹುದು. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ತಪ್ಪು ಸ್ಟಾರ್ಟರಿನದಲ್ಲ. ಪೆಟ್ರೋಲನ್ನೋ ಕಿಡಿಯನ್ನೋ ನೋಡಬೇಕು. ಈ ಸ್ಥಿತಿಯಲ್ಲಿ ಗುಂಡಿಯನ್ನು ಒತ್ತುತ್ತಲೇ ಇದ್ದರೆ ಬ್ಯಾಟರಿಯೂ ಬರಿದಾಗಿ ಒಂದು ದೋಷದ ಜಾಗದಲ್ಲಿ ಎರಡು ನಿಲ್ಲುತ್ತವೆ. ಒಂದು ಸಲಕ್ಕೆ ಐದು ಸೆಕೆಂಡು ಒತ್ತಿ, ಅರ್ಧ ನಿಮಿಷದಷ್ಟು ಬಿಡುವು ಕೊಡುವುದು ಒಳ್ಳೆಯ ಅಭ್ಯಾಸ.

ಕಿಕ್ ಬಳಸುವ ಕ್ರಮ

ಕಿಕ್ ಸನ್ನೆಯನ್ನು ತುಳಿದಾಗ ಅದರ ದಂಡಕ್ಕೆ ಸೇರಿದ ಹಲ್ಲುಗಾಲಿ ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತದೆ. ಎಂಜಿನ್ ಚಾಲೂ ಆದ ಕೂಡಲೇ ಹಲ್ಲುಗಳು ಬಿಟ್ಟುಕೊಳ್ಳುತ್ತವೆ, ಸ್ಪ್ರಿಂಗು ಸನ್ನೆಯನ್ನು ಮೇಲಕ್ಕೆ ತರುತ್ತದೆ. ಗೇರುರಹಿತ ಸ್ಕೂಟರುಗಳಲ್ಲಿ ಇದು ಎಡಬದಿಯಲ್ಲಿ, ಬೆಲ್ಟನ್ನು ಮುಚ್ಚಿದ ಉದ್ದನೆಯ ಕವಚದ ಮೇಲಿರುತ್ತದೆ. ಆಟೊರಿಕ್ಷಾದಲ್ಲಿ ಇದೇ ಕೆಲಸವನ್ನು ಕೈಯಿಂದ ಮೇಲಕ್ಕೆಳೆಯುವ ಸನ್ನೆ ಮಾಡುತ್ತಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್‌ಸೈಕಲ್‌ನದು ಇನ್ನೂ ವಿಶೇಷ: ಗೇರು ಬದಲಾಯಿಸುವ ಸನ್ನೆಯನ್ನೇ ಹಿಂದಕ್ಕೆ ಮಡಚಿದರೆ ಅದು ಕಿಕ್ ಆಗುತ್ತಿತ್ತು.

ಸ್ಕೂಟರನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೀಲಿ ತಿರುಗಿಸಬೇಕು. ಗೇರುರಹಿತ ಸ್ಕೂಟರಿನಲ್ಲಿ ಹಿಂದಿನ ಬ್ರೇಕ್ ಹಿಡಿದಿರಬೇಕು. ಗೇರು ಸ್ಕೂಟರು ನ್ಯೂಟ್ರಲ್‌ನಲ್ಲಿರಬೇಕು. ಇಂಜೆಕ್ಷನ್ ಇರುವ ಸ್ಕೂಟರಿನಲ್ಲಿ ಕೀಲಿ ತಿರುಗಿಸಿದ ಮೇಲೆ ಪಂಪಿನ ಸಣ್ಣ ಗುಂಯ್‌ಗುಡುವ ಸದ್ದು ನಿಲ್ಲುವವರೆಗೆ ಎರಡು ಮೂರು ಸೆಕೆಂಡು ಕಾಯಬೇಕು. ಆಮೇಲೆ ಸನ್ನೆಯನ್ನು ಪಾದದ ನಡುಭಾಗದಿಂದ ಮೆಲ್ಲಗೆ ಒತ್ತುತ್ತ ಹೋದರೆ ಒಂದೆಡೆ ಅದು ಬಿಗಿಯಾಗುತ್ತದೆ. ಪಿಸ್ಟನ್ನು ಮಿಶ್ರಣವನ್ನು ಒತ್ತಲು ತೊಡಗಿದ ಸ್ಥಾನ ಅದು. ಸನ್ನೆಯನ್ನು ಮೇಲಕ್ಕೆ ಬಿಟ್ಟು, ಅಲ್ಲಿಂದ ಒಂದೇ ಉಸುರಿನಲ್ಲಿ ಕೊನೆಯವರೆಗೆ ತುಳಿಯಬೇಕು. ಅರ್ಧಂಬರ್ಧ ಹತ್ತು ಕಿಕ್ಕುಗಳಿಗಿಂತ ಪೂರ್ಣವಾದ ಎರಡು ಕಿಕ್ಕು ಮೇಲು. ಕಾಲನ್ನು ಸನ್ನೆಯೊಡನೆಯೇ ಮೇಲಕ್ಕೆ ತರಬೇಕು. ಥಟ್ಟನೆ ಬಿಟ್ಟರೆ ಅದು ಚಿಮ್ಮಿ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಜಾರುವ ಚಪ್ಪಲಿ ತೊಟ್ಟು ಕಿಕ್ ಹೊಡೆಯುವುದು ಬೇಡ.

ತಣ್ಣಗಿರುವ ಕಾರ್ಬ್ಯುರೇಟರ್ ಎಂಜಿನ್ನಿಗೆ ಚೋಕ್ ಎಳೆಯಬೇಕಾಗುತ್ತದೆ, ಬಿಸಿಯಾದ ಎಂಜಿನ್ನಿಗೆ ಎಳೆಯಬಾರದು. ಹತ್ತಾರು ಕಿಕ್ಕುಗಳ ಬಳಿಕ ಪೆಟ್ರೋಲಿನ ವಾಸನೆ ಬಲವಾಗಿ ಬಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಮಿತಿಮೀರಿದೆ. ಇದನ್ನು ‘ಓವರ್‌ಫ್ಲೋ’ ಎನ್ನುತ್ತಾರೆ. ಆಗ ಚೋಕ್ ಮುಚ್ಚಿ, ಪೆಟ್ರೋಲಿನ ನಲ್ಲಿ ಇದ್ದರೆ ಅದನ್ನೂ ಮುಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಕೆಲವು ಸಲ ಕಿಕ್ ಹೊಡೆದರೆ ಹೆಚ್ಚಿನ ಪೆಟ್ರೋಲು ಗಾಳಿಯೊಡನೆ ಹೊರಹೋಗುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಆಕ್ಸಿಲರೇಟರನ್ನು ಇಳಿಸಬೇಕು.

ಹಳೆಯ ಎರಡು ಸ್ಟ್ರೋಕಿನ ಸ್ಕೂಟರುಗಳಲ್ಲಿ ಪೆಟ್ರೋಲಿನೊಂದಿಗೆ ಬೆರೆತ ಎಣ್ಣೆ ಉರಿದು ಪ್ಲಗ್ಗಿನ ತುದಿಗೆ ಮಸಿ ಕಟ್ಟುತ್ತಿತ್ತು. ಪ್ಲಗ್ ಸ್ಪ್ಯಾನರು, ಮಸಿ ಉಜ್ಜಲು ಮರಳುಕಾಗದದ ಚೂರು, ಒಂದು ಹೆಚ್ಚುವರಿ ಪ್ಲಗ್ ಇವು ಪ್ರತಿ ಸ್ಕೂಟರಿನ ಡಿಕ್ಕಿಯಲ್ಲೂ ಇರುತ್ತಿದ್ದವು.

ವಾಲಿಸಿ ಕಿಕ್ ಹೊಡೆಯುವುದು

ಬಜಾಜ್ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುವ ವಾಡಿಕೆ ಭಾರತದಾದ್ಯಂತ ಕಂಡುಬರುತ್ತಿತ್ತು. ನೋಡುವವರಿಗೆ ಇದು ನಗೆಯ ವಿಷಯವಾಗಿದ್ದರೂ ಸಂಪೂರ್ಣ ಮೂಢನಂಬಿಕೆಯಲ್ಲ. ಟ್ಯಾಂಕಿನ ತಳದಲ್ಲಿ ಅಳಿದುಳಿದ ಪೆಟ್ರೋಲು ವಾಲಿಸಿದಾಗ ನಲ್ಲಿಯ ಕಡೆಗೆ ಹರಿಯಬಲ್ಲದು. ಕಾರ್ಬ್ಯುರೇಟರಿನ ತೇಲುಬುರುಡೆ ಓಲಾಡಿ ಸ್ವಲ್ಪ ಹೆಚ್ಚು ಪೆಟ್ರೋಲು ಒಳಸೇರಿ ಮಿಶ್ರಣ ಗಟ್ಟಿಯಾಗಬಹುದು. ತಣ್ಣನೆಯ ಎಂಜಿನ್ನಿಗೆ ಇದು ಅನುಕೂಲ. ಆದರೆ ನಲ್ಲಿಯನ್ನು ರಿಸರ್ವಿಗೆ ತಿರುಗಿಸಿದರೆ, ಚೋಕ್ ಎಳೆದರೆ ಇದೇ ಫಲ ದೊರೆಯುತ್ತದೆ. ಇಂಜೆಕ್ಷನ್ ಸ್ಕೂಟರಿನಲ್ಲಿ ತೇಲುಬುರುಡೆಯೇ ಇಲ್ಲವಾದ್ದರಿಂದ ವಾಲಿಸುವುದಕ್ಕೆ ಅರ್ಥವಿಲ್ಲ.

ತಳ್ಳಿ ಸ್ಟಾರ್ಟ್ ಮಾಡುವುದು

ಗೇರು ಸ್ಕೂಟರಿನಲ್ಲಿ ಕ್ಲಚ್ ಬಿಟ್ಟಿರುವಾಗ ಹಿಂದಿನ ಚಕ್ರಕ್ಕೂ ಕ್ರ್ಯಾಂಕ್ ದಂಡಕ್ಕೂ ನೇರ ಸಂಬಂಧವಿರುತ್ತದೆ. ಎಂಜಿನ್ ಚಕ್ರವನ್ನು ತಿರುಗಿಸುವಂತೆ ಚಕ್ರವೂ ಎಂಜಿನ್ನನ್ನು ತಿರುಗಿಸಬಲ್ಲದು. ಕಿಕ್ಕಿನ ಹಲ್ಲು ಸವೆದು ಜಾರುವ ಸ್ಕೂಟರುಗಳನ್ನು ಅನೇಕರು ತಿಂಗಳುಗಟ್ಟಲೆ ಹೀಗೆಯೇ ಓಡಿಸುತ್ತಿದ್ದರು. ಮನೆಯ ಮುಂದೆ ಇಳಿಜಾರು ಇದ್ದವರಿಗೆ ಗ್ಯಾರೇಜಿನ ದಾರಿ ಬೇಗನೆ ನೆನಪಾಗುತ್ತಿರಲಿಲ್ಲ.

ಕೀಲಿ ತಿರುಗಿಸಿ, ಪೆಟ್ರೋಲಿನ ನಲ್ಲಿ ತೆರೆದು, ಎರಡನೆಯ ಗೇರಿಗೆ ಹಾಕಿ ಕ್ಲಚ್ ಹಿಡಿದುಕೊಳ್ಳಬೇಕು. ಮೊದಲನೆಯ ಗೇರು ಬಳಸದಿರುವುದಕ್ಕೆ ಕಾರಣವಿದೆ. ಆ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಬಹಳ ಸುತ್ತು ತಿರುಗಬೇಕಾಗುವುದರಿಂದ ತಡೆ ಹೆಚ್ಚು. ಕ್ಲಚ್ ಬಿಟ್ಟೊಡನೆ ಚಕ್ರ ಕಚ್ಚಿಕೊಂಡು ರಸ್ತೆಯ ಮೇಲೆ ಜಾರುತ್ತದೆ. ಸ್ಕೂಟರಿನ ಚಕ್ರಗಳು ಚಿಕ್ಕವು, ಚೇತಕ್‌ನದು ಹತ್ತು ಅಂಗುಲದ್ದು, ಆದ್ದರಿಂದ ಹಿಡಿತವೂ ಕಡಿಮೆ. ವಾಹನ ಓಡುನಡಿಗೆಯ ವೇಗಕ್ಕೆ ಬಂದಾಗ ಕ್ಲಚ್ಚನ್ನು ಬೇಗನೆ ಬಿಡಬೇಕು; ಆ ಗಳಿಗೆಯಲ್ಲಿ ಸೀಟಿನ ಮೇಲೆ ಭಾರ ಬಿದ್ದರೆ ಹಿಡಿತ ಹೆಚ್ಚುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಕ್ಲಚ್ ಮತ್ತೆ ಹಿಡಿದು ನಿಧಾನವಾಗಿ ಆಕ್ಸಿಲರೇಟರ್ ಕೊಡಬೇಕು.

ಕೆಳಗಿಳಿದು ಪಕ್ಕದಲ್ಲಿ ಓಡುತ್ತ ತಳ್ಳುವವರಿಗೆ ಅಪಾಯ ಹೆಚ್ಚು, ಏಕೆಂದರೆ ಎಂಜಿನ್ ಹಿಡಿದುಕೊಂಡಾಗ ಸ್ಕೂಟರ್ ಕೈತಪ್ಪಿ ಓಡಬಹುದು. ಒಬ್ಬರು ಕುಳಿತು ಇನ್ನೊಬ್ಬರು ಹಿಂದಿನಿಂದ ತಳ್ಳುವುದು ಸುರಕ್ಷಿತ. ವಾಹನಸಂಚಾರವಿರುವ ರಸ್ತೆಯಲ್ಲಿ ಇದನ್ನು ಮಾಡಬಾರದು.

ಗೇರುರಹಿತ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದೇಕೆ

ಗೇರುರಹಿತ ಸ್ಕೂಟರಿನಲ್ಲಿ ಎಂಜಿನ್ನಿನ ಶಕ್ತಿ ಬೆಲ್ಟಿನ ಮೂಲಕ ಹಿಂದಿನ ರಾಟೆಗೆ, ಅಲ್ಲಿಂದ ಕೇಂದ್ರಾಪಗಾಮಿ ಕ್ಲಚ್ಚಿನ ಮೂಲಕ ಚಕ್ರಕ್ಕೆ ಹೋಗುತ್ತದೆ. ಕ್ಲಚ್ಚಿನ ಒಳಗೆ ಸ್ಪ್ರಿಂಗುಗಳು ಬಿಗಿಹಿಡಿದ ಪಾದುಕೆಗಳಿವೆ (ಶೂ), ಅವುಗಳ ಸುತ್ತ ಬೋಗುಣಿಯಾಕಾರದ ಡ್ರಮ್ಮು. ಎಂಜಿನ್ ವೇಗವಾಗಿ ತಿರುಗಿದಾಗ ಪಾದುಕೆಗಳು ಹೊರಕ್ಕೆ ಚಾಚಿ ಡ್ರಮ್ಮನ್ನು ಕಚ್ಚುತ್ತವೆ, ಚಕ್ರ ತಿರುಗುತ್ತದೆ. ವೇಗ ಇಳಿದಾಗ ಸ್ಪ್ರಿಂಗು ಅವುಗಳನ್ನು ಒಳಕ್ಕೆಳೆಯುತ್ತದೆ. ಸಿಗ್ನಲಿನಲ್ಲಿ ಎಂಜಿನ್ ಓಡುತ್ತಿದ್ದರೂ ಸ್ಕೂಟರ್ ನಿಂತೇ ಇರುವುದು ಹೀಗೆ.

ಡ್ರಮ್ಮು ಚಕ್ರದ ಕಡೆಗೆ, ಪಾದುಕೆಗಳು ಎಂಜಿನ್ನಿನ ಕಡೆಗೆ ಸೇರಿವೆ. ಎಂಜಿನ್ ನಿಂತಿರುವಾಗ ಸ್ಕೂಟರನ್ನು ತಳ್ಳಿದರೆ ಡ್ರಮ್ಮು ಮಾತ್ರ ತಿರುಗುತ್ತದೆ. ಪಾದುಕೆಗಳು ಅಲುಗುವುದೇ ಇಲ್ಲ, ಅಂದಮೇಲೆ ಹೊರಚಾಚುವ ಪ್ರಶ್ನೆ ಏಳುವುದಿಲ್ಲ. ಎಷ್ಟೇ ವೇಗವಾಗಿ ತಳ್ಳಿದರೂ, ಘಟ್ಟದ ಇಳಿಜಾರಿನಲ್ಲೇ ಬಿಟ್ಟರೂ ಕ್ರ್ಯಾಂಕ್ ದಂಡಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ಗೇರು ಸ್ಕೂಟರಿನ ಅನುಭವವಿದ್ದ ಹಿರಿಯರು ಮೊಮ್ಮಕ್ಕಳ ಸ್ಕೂಟರನ್ನು ಬೀದಿಯುದ್ದಕ್ಕೂ ತಳ್ಳಿಸುವುದನ್ನು ಇಂದಿಗೂ ಕಾಣಬಹುದು. ಕಿಕ್ ಇಲ್ಲದ ಗೇರುರಹಿತ ಸ್ಕೂಟರಿನಲ್ಲಿ ರಸ್ತೆಯ ಮೇಲೆ ಎಂಜಿನ್ನನ್ನು ತಿರುಗಿಸಬಲ್ಲದ್ದು ಮೋಟರು ಒಂದೇ, ಮೋಟರಿಗೆ ಆಧಾರ ಬ್ಯಾಟರಿ ಒಂದೇ. ಅಂತಹ ಮಾದರಿಯನ್ನು ಕೊಳ್ಳುವವರು ಇದನ್ನು ಅರಿತಿರುವುದು ಒಳಿತು.

ಕಿಕ್ ಇದ್ದರೂ ಸ್ಟಾರ್ಟ್ ಆಗದಿರುವುದು

ಇಂಜೆಕ್ಷನ್ ಸ್ಕೂಟರಿನಲ್ಲಿ ಬ್ಯಾಟರಿ ಮೋಟರನ್ನು ತಿರುಗಿಸಲಾರದಷ್ಟು ಮಾತ್ರ ಕುಂದಿದ್ದರೆ ಕಿಕ್ ಫಲಿಸುತ್ತದೆ. ಪಂಪು ಮತ್ತು ನಿಯಂತ್ರಣ ಘಟಕಕ್ಕೆ ಅಷ್ಟು ವಿದ್ಯುತ್ತು ಸಾಕು. ಕೀಲಿ ತಿರುಗಿಸಿದರೂ ಮೀಟರು ಬೆಳಗದಷ್ಟು ಬ್ಯಾಟರಿ ಬರಿದಾಗಿದ್ದರೆ ಅನೇಕ ಮಾದರಿಗಳು ಕಿಕ್ಕಿಗೂ ಜಗ್ಗುವುದಿಲ್ಲ. ಕೀಲಿಯ ಬದಲು ಸ್ಮಾರ್ಟ್ ಕೀ ಬಳಸುವ ಸ್ಕೂಟರಿನಲ್ಲಿ ಬ್ಯಾಟರಿ ಸತ್ತರೆ ವಾಹನ ಎಚ್ಚರಗೊಳ್ಳುವುದೇ ಇಲ್ಲ. ಮೀಟರು ಬೆಳಗಿಯೂ ಪಂಪಿನ ಸದ್ದು ಕೇಳದಿದ್ದರೆ ಪಂಪಿನ ಫ್ಯೂಸನ್ನು ನೋಡಬೇಕು.

ಇನ್ನೊಂದು ಬ್ಯಾಟರಿಯ ನೆರವು

ಸ್ಕೂಟರಿನದೂ ಕಾರಿನದೂ ೧೨ ವೋಲ್ಟಿನ ಬ್ಯಾಟರಿಯೇ ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ತಂತಿ ಜೋಡಿಸಿ ಸ್ಟಾರ್ಟ್ ಮಾಡಬಹುದು. ೬ ವೋಲ್ಟಿನ ಹಳೆಯ ಸ್ಕೂಟರುಗಳಿಗೆ ಇದು ಸಲ್ಲದು. ನೆರವಾಗುವ ವಾಹನ ಕಾರಾಗಿದ್ದರೆ ಅದರ ಎಂಜಿನ್ ನಿಲ್ಲಿಸಿರಬೇಕು. ಇನ್ನೊಂದು ಸ್ಕೂಟರಿನ ಬ್ಯಾಟರಿ ಸಿಕ್ಕರೆ ಇನ್ನೂ ಒಳ್ಳೆಯದು.

ಕೆಂಪು ತಂತಿಯನ್ನು ಮೊದಲು ಸತ್ತ ಬ್ಯಾಟರಿಯ ಧನ ತುದಿಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಧನ ತುದಿಗೆ ಜೋಡಿಸಬೇಕು. ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೆ, ಕೊನೆಯಲ್ಲಿ ಸ್ಕೂಟರಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವ ಸಂಭವವಿರುವುದರಿಂದ ಅದು ಬ್ಯಾಟರಿಯಿಂದಲೂ ಪೆಟ್ರೋಲಿನಿಂದಲೂ ದೂರವಿರಬೇಕು. ಎಂಜಿನ್ ಚಾಲೂ ಆದ ಮೇಲೆ ತದ್ವಿರುದ್ಧ ಕ್ರಮದಲ್ಲಿ ತಂತಿಗಳನ್ನು ಬಿಚ್ಚಬೇಕು. ಧನ ಋಣಗಳು ಅದಲುಬದಲಾದರೆ ರೆಗ್ಯುಲೇಟರು ಹಾಗೂ ನಿಯಂತ್ರಣ ಘಟಕ ಸುಟ್ಟುಹೋಗಬಹುದು, ಮತ್ತು ಅವುಗಳ ಬೆಲೆ ಹೊಸ ಬ್ಯಾಟರಿಗಿಂತ ಬಹಳ ಹೆಚ್ಚಾಗಬಹುದು. ಎಂಜಿನ್ ಓಡುತ್ತಿರುವಾಗ ಸ್ಕೂಟರಿನ ಸ್ವಂತ ಬ್ಯಾಟರಿಯನ್ನು ಬಿಚ್ಚುವುದೂ ಇದೇ ಕಾರಣಕ್ಕೆ ನಿಷಿದ್ಧ.

ರಿಲೇಯ ಎರಡು ದಪ್ಪ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿ ಮೋಟರು ತಿರುಗಿಸುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಗುಂಡಿಯೋ ರಿಲೇಯೋ ಕೆಟ್ಟಿದ್ದು ಬ್ಯಾಟರಿ ಸರಿಯಾಗಿದ್ದರೆ ಇದು ಫಲಿಸುತ್ತದೆ. ಆದರೆ ಬಲವಾದ ಕಿಡಿ ಹಾರುತ್ತದೆ, ಬ್ರೇಕ್ ಹಿಡಿದಿರಬೇಕೆಂಬ ರಕ್ಷಣೆಯೂ ತಪ್ಪಿಹೋಗುತ್ತದೆ. ಈಚಿನ ಹಲವು ಸ್ಕೂಟರುಗಳಲ್ಲಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರೇ ಸ್ಟಾರ್ಟರಾಗಿಯೂ ಕೆಲಸ ಮಾಡುತ್ತದೆ. ಹಲ್ಲುಗಾಲಿಗಳ ಕರಕರ ಸದ್ದಿಲ್ಲದೆ ಅವು ಚಾಲೂ ಆಗುವುದು ಇದರಿಂದಲೇ. ಅದನ್ನು ನಡೆಸುವುದು ನಿಯಂತ್ರಣ ಘಟಕವಾದ್ದರಿಂದ ಸ್ಕ್ರೂಡ್ರೈವರಿನ ಉಪಾಯ ಅಲ್ಲಿ ನಡೆಯದು.

ಪ್ರಯತ್ನಿಸಬಾರದ ಸಂದರ್ಭಗಳು

ನೀರು ತುಂಬಿದ ಅಂಡರ್‌ಪಾಸಿನಲ್ಲೋ ಉಕ್ಕಿದ ಹಳ್ಳದಲ್ಲೋ ನಿಂತುಹೋದ ಸ್ಕೂಟರನ್ನು ಸೆಲ್ಫ್, ಕಿಕ್, ತಳ್ಳುವಿಕೆ ಯಾವುದರಿಂದಲೂ ಸ್ಟಾರ್ಟ್ ಮಾಡಲು ಹೋಗಬಾರದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರು ಸೇರಿದ್ದರೆ ಮೇಲೇರುವ ಪಿಸ್ಟನ್ನು ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಲವು ನೂರು ರೂಪಾಯಿಯ ಸರ್ವಿಸಿನಿಂದ ಮುಗಿಯಬಹುದಾದ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಕಿಕ್ ಸನ್ನೆ ಕಲ್ಲಿನಂತೆ ಬಿಗಿದು ನಿಂತಿದ್ದರೆ ಅದನ್ನು ಬಲವಂತವಾಗಿ ತುಳಿಯಕೂಡದು. ಮಳೆಯಲ್ಲಿ ಬರಿದೇ ನೆನೆದ ಸ್ಕೂಟರಿನ ವಿಷಯ ಬೇರೆ. ಪ್ಲಗ್ಗಿನ ಟೋಪಿಯನ್ನು ತೆಗೆದು ಒಣಬಟ್ಟೆಯಿಂದ ಒರೆಸಿದರೆ ಅನೇಕ ಸಲ ಸಾಕಾಗುತ್ತದೆ.

ಪೆಟ್ರೋಲು ಸೋರಿರುವಾಗ, ಅದರ ವಾಸನೆ ದಟ್ಟವಾಗಿರುವಾಗ ಪ್ಲಗ್ಗನ್ನು ಹೊರತೆಗೆದು ಕಿಡಿ ಪರೀಕ್ಷಿಸುವುದು ಬೆಂಕಿಗೆ ಆಹ್ವಾನ. ಮುಚ್ಚಿದ ಕೊಠಡಿಯಲ್ಲೋ ಮನೆಯ ಪಡಸಾಲೆಯಲ್ಲೋ ಎಂಜಿನ್ ಚಾಲೂ ಮಾಡಿ ಬಿಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಅದು ಪ್ರಾಣಾಂತಿಕ.

ಆರೈಕೆ

ಸೆಲ್ಫ್ ಸರಿಯಾಗಿರುವ ಸ್ಕೂಟರಿನಲ್ಲಿ ಕಿಕ್ಕನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ದಂಡದ ಗ್ರೀಸು ಒಣಗಿ ತುಕ್ಕು ಹಿಡಿದು, ಬೇಕಾದ ದಿನ ಅದು ಕೆಳಕ್ಕೆ ಹೋದರೆ ಮೇಲಕ್ಕೆ ಬರುವುದಿಲ್ಲ. ವಾರಕ್ಕೊಮ್ಮೆ ಬೆಳಗಿನ ಮೊದಲ ಚಾಲನೆಯನ್ನು ಕಿಕ್ಕಿನಿಂದ ಮಾಡಿದರೆ ಸನ್ನೆಯೂ ಸಡಿಲವಾಗಿರುತ್ತದೆ, ಬ್ಯಾಟರಿಗೂ ಹೊರೆ ತಗ್ಗುತ್ತದೆ. ಸರ್ವಿಸಿಗೆ ಬಿಟ್ಟಾಗ ಕಿಕ್ ದಂಡಕ್ಕೆ ಗ್ರೀಸು ಹಾಕುವಂತೆ ಕೇಳಿ ಹೇಳಬೇಕು, ಏಕೆಂದರೆ ಕೇಳದಿದ್ದರೆ ಅದು ತಪ್ಪಿಹೋಗುವ ಕೆಲಸ. ಬ್ಯಾಟರಿ ಬಳಸದಿದ್ದರೂ ತಾನಾಗಿ ಕುಂದುತ್ತದೆ. ೨೦೨೦ರ ಲಾಕ್‌ಡೌನ್ ಕಾಲದಂತೆ ಸ್ಕೂಟರ್ ವಾರಗಟ್ಟಲೆ ನಿಲ್ಲುವುದಿದ್ದರೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡಬೇಕು, ಇಲ್ಲವೇ ವಾರಕ್ಕೊಮ್ಮೆ ಇಪ್ಪತ್ತು ನಿಮಿಷವಾದರೂ ಓಡಿಸಬೇಕು. ನಿಂತಲ್ಲೇ ಎರಡು ನಿಮಿಷ ಎಂಜಿನ್ ಓಡಿಸಿ ಆರಿಸಿದರೆ ಸೆಲ್ಫ್ ಹೊಡೆಯಲು ಖರ್ಚಾದ ವಿದ್ಯುತ್ತೂ ಬ್ಯಾಟರಿಗೆ ಮರಳುವುದಿಲ್ಲ.